ಬಾಗಿಲು ಬಡಿದು ಹೋಗುತ್ತಿದ್ದ ಮಾಣಿಕಪ್ಪ

ತಾಂಡೂರಿನ ನಮ್ಮ ಓಣಿಯಲ್ಲಿ ಯಾರಾದರೂ ಕದ ಬಡಿದರೆ ತಕ್ಷಣ ಎದ್ದು ಹೋಗುವ ಪದ್ಧತಿ ಇರಲಿಲ್ಲ. ಮೊದಲು ಎಣಿಸಬೇಕು. ಮೇಲೊಂದು, ನಡುವೆ ಒಂದು, ಚಿಲಕದ ಹತ್ತಿರ ಒಂದು ಬಡಿತ ಬಿದ್ದರೆ ಬಂದವರು ಮಾಣಿಕಪ್ಪ. ಅವರಿಗೆ ಒಳಗಿನವರ ಹತ್ತಿರ ಕೆಲಸವಿಲ್ಲ, ಕದದ ಹತ್ತಿರ ಇದೆ. ಒಮ್ಮೆ ನನ್ನ ಹೆಂಡತಿ ಎಣಿಸದೆ ಹೋಗಿ ಬಾಗಿಲು ತೆರೆದಳು.

"ಏನ್ರಿ ಅಣ್ಣಾ, ಮಾಸ್ತರ್ ಬೇಕಾಗಿತ್ತೇನ್ರಿ?"

"ಇಲ್ಲವ್ವ, ಸುಮ್ಕ ಕದ ಕೇಳ್ಲಾಕ ಬಂದಿದ್ನಿ. ಬೇವಿಂದು ಅದ. ಛಲೋ ಅದ, ಆದ್ರ ಗಂಟಲ ಕಟ್ಯಾದ."

ನಮ್ಮ ಕದಕ್ಕೆ ಗಂಟಲೂ ಇದೆ, ಅದು ಕಟ್ಟುವುದೂ ಉಂಟು ಎಂದು ನಮ್ಮ ಮನೆತನಕ್ಕೆ ತಿಳಿದದ್ದು ಅಂದು.

ಮಾಣಿಕಪ್ಪ ಮೂವತ್ತು ವರ್ಷ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕಾರ್ಖಾನೆಯಲ್ಲಿ ಕಲ್ಲು ಆರಿಸುತ್ತಿದ್ದರು. ಚಪ್ಪಡಿಯನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಕಲ್ಲು ಖಣ್ ಎನ್ನುತ್ತದೆ. ಒಳಗೆ ಸೀಳಿದ್ದು ಭದ್ ಎನ್ನುತ್ತದೆ. ಕಣ್ಣಿಗೆ ಕಾಣದ ಬಿರುಕು ಅವರ ಕಿವಿಗೆ ಸಿಗುತ್ತಿತ್ತು. ಕೆಲಸ ಬಿಟ್ಟ ಮೇಲೆ ಕಿವಿ ಖಾಲಿ ಕುಳಿತಿತ್ತು. ಅಷ್ಟರಲ್ಲಿ ಅವರ ಭಾವಮೈದುನ ಸೇತುವೆ ಕಿತ್ತುಹೋದ ಗಿಟಾರೊಂದನ್ನು ತಂದು ಅವರ ಮನೆಯಲ್ಲಿ ಇಟ್ಟುಹೋದ. ತಂತಿಗಳು ಕೂರುವ ಆ ಪಟ್ಟಿಯನ್ನು ಅಂಟಿಸಿಕೊಟ್ಟಿದ್ದರೆ ಸಾಕಿತ್ತು. ಮಾಣಿಕಪ್ಪ ಪೂರ್ತಿ ಬಿಚ್ಚಿ ಅದರ ಹೊಟ್ಟೆಯೊಳಗೆ ಇಣುಕಿದರು. ಅಲ್ಲಿಂದ ಅವರು ಸಂಸಾರಕ್ಕೆ ಪೂರ್ತಿಯಾಗಿ ಹಿಂದಿರುಗಲಿಲ್ಲ.

ಹಿತ್ತಲಿನ ತಗಡಿನ ಚಪ್ಪರದಲ್ಲಿ ಒಂದು ಗರಗಸ, ನಾಲ್ಕು ಉಳಿ, ಕಟ್ಟಿಗೆ ಹೆರೆಯುವ ಒಂದು ರಂದಾ. ಯಂತ್ರಗಳು ಬರುವ ದೇವದಾರಿನ ಪೆಟ್ಟಿಗೆ ಒಡೆದು ಗಿಟಾರಿನ ಮುಖ, ಹಳೇ ಮನೆಯ ಸಾಗವಾನಿ ಚೌಕಟ್ಟಿನಿಂದ ಕುತ್ತಿಗೆ. ಅಂಟು ಹಚ್ಚಿದ ಹಲಗೆ ಏಳದಂತೆ ಮೇಲೆ ಫರಸಿಯ ತುಂಡುಗಳ ಭಾರ. ಮುಖದ ಹಲಗೆಯನ್ನು ಎರಡು ಬೆರಳಲ್ಲಿ ತೂಗುಹಾಕಿ ತಟ್ಟುವರು, ಇನ್ನಷ್ಟು ಹೆರೆಯುವರು, ಮತ್ತೆ ತಟ್ಟುವರು. ಹಲಗೆ ತುಂಬು ದನಿಯಲ್ಲಿ ಉತ್ತರಿಸುವ ತನಕ ಈ ಸಂಭಾಷಣೆ. ನಾನೂ ಇಳಿವಯಸ್ಸಿನ ಹುಚ್ಚಿಗೆ ಒಂದು ಗಿಟಾರ್ ಕೊಂಡು, ಅದು ಅಪಸ್ವರ ನುಡಿಯುತ್ತದೆಂದು ಅವರ ಹತ್ತಿರ ಒಯ್ದಿದ್ದೆ. ಅರ್ಧ ದಿನ ಪರೀಕ್ಷಿಸಿ ತೀರ್ಪು ಕೊಟ್ಟರು: "ಗಿಟಾರ್‌ದಾಗ ಏನೂ ಖರಾಬ್ ಇಲ್ಲರಿ ಮಾಸ್ತರ್. ಬಾರಸೋ ಕೈಯಾಗ ಅದ. ಅದನ್ನ ಹೆರೀಲಾಕ ನನ್ನ ಬಲ್ಲಿ ರಂದಾ ಇಲ್ಲ."

ಎರಡು ವರ್ಷದ ಹಿಂದೆ ಕೊಡಂಗಲ್‌ನ ಸಂಗೀತದ ಟೀಚರೊಬ್ಬರಿಗಾಗಿ ಗಿಟಾರ್ ಮಾಡಲು ಹಿಡಿದಾಗ ಕಂಟಕ ಎದುರಾಯಿತು. ಹಲಗೆ ಮಾತಾಡಲಿಲ್ಲ. ಹೆರೆದರು, ಮಾತಾಡಲಿಲ್ಲ. ಕಾಗದದಷ್ಟು ತೆಳುವಾದಾಗ ಎಸೆದು ಇನ್ನೊಂದು ಹಿಡಿದರು. ಹೀಗೆ ಮೂರು ಮುಖ ಕೆಟ್ಟವು.

"ಕಟ್ಟಿಗೀಗೇ ಏನೋ ಆಗ್ಯಾದರಿ ಮಾಸ್ತರ್. ಯಾತಕ್ಕೂ ಆವಾಜ್ ಇಲ್ಲ. ಎಲ್ಲಾ ಮೂಕ ಆಗ್ಯಾವ."

ಜಗತ್ತಿನ ಸಮಸ್ತ ಕಟ್ಟಿಗೆ ಒಂದೇ ತಿಂಗಳಲ್ಲಿ ಮೌನವ್ರತ ಹಿಡಿದಿದೆ ಎಂಬ ಈ ಸಿದ್ಧಾಂತವನ್ನು ನಾನೂ ತಲೆಯಾಡಿಸಿ ಒಪ್ಪಿದೆ. ನಾಲ್ಕನೆಯ ಹಲಗೆ ಹೆರೆಯುವಾಗ ಅವರು ಕೈ ನಿಲ್ಲಿಸಿದರು. "ಇನ್ನ ಸಾಕರಿ. ಜಹೀರಾಬಾದ್‌ದಾಗ ಒಬ್ಬ ಬಡಿಗ್ಯಾ ಅದಾನ, ಚೌಕಟ್ಟ ಮಾಡ್ತಾನ. ಸಾಮಾನೆಲ್ಲ ಅವಗ ಕೊಟ್ಟು ಬರ್ತೀನಿ. ನಾಳಿಗಿ ನೀವೂ ನಡೀರಿ." ಹಾಗೆ ಹೇಳುವಾಗಲೂ ಅವರ ಕೈ ರಂದಾದ ಮೇಲೆಯೇ ಇತ್ತು.

ಆಗ ಅವರ ಹೆಂಡತಿ ಕಮಳಾಬಾಯಿ ಸದ್ದಿಲ್ಲದೆ ಬಂದು, ಗಂಡನ ಬೆನ್ನ ಹಿಂದೆ ನಿಂತು, ಒಂದು ಸ್ಟೀಲ್ ತಾಟನ್ನು ನೆಲದ ಫರಸಿಯ ಮೇಲೆ ಬಿಟ್ಟರು. ಬೀದಿಯ ನಾಯಿ ಎದ್ದು ಓಡಿತು. ನಾನು ಹಾರಿಬಿದ್ದೆ. ಮಾಣಿಕಪ್ಪ ಹಲಗೆಯನ್ನೇ ನೋಡುತ್ತಿದ್ದರು.

"ನೋಡಿದ್ರೇನ್ರಿ ಮಾಸ್ತರ್? ಕಟ್ಟಿಗಿ ಮೂಕ ಆಗಿಲ್ಲ. ಇವರ ಕಿವಿ ಕೇಳಸವಲ್ದು. ಆರು ತಿಂಗಳಾತು, ಕೂಗಿ ಕೂಗಿ ನನ್ನ ಜೀವ ಹೋಗ್ಯಾದ."

ಹೆಂಡತಿ ಕೂಗಿದರೆ ಓಗೊಡದಿರುವುದನ್ನು ನಮ್ಮ ಓಣಿಯಲ್ಲಿ ಯಾರೂ ರೋಗವೆಂದು ಎಣಿಸುವುದಿಲ್ಲ. ಹೀಗಾಗಿ ಆರು ತಿಂಗಳು ಹೋಗಿತ್ತು.

ಮರುದಿನ ಸಾಮಾನಿನ ಚೀಲದೊಂದಿಗೇ ಜಹೀರಾಬಾದಿಗೆ ಹೊರಟೆವು. ಮೊದಲು ಕಿವಿ ಡಾಕ್ಟರು, ಆಮೇಲೆ ಬಡಿಗ ಎಂದು ನಾನು ಹಟ ಹಿಡಿದಿದ್ದೆ. ಬಸ್ಸಿನಲ್ಲಿ ಅವರು ಚೀಲವನ್ನು ಕಾಲ ನಡುವೆ ಇಟ್ಟುಕೊಂಡು ಕುಳಿತರು. ಕಲ್ಲು ಕೊಯ್ಯುವ ಯಂತ್ರದ ಪಕ್ಕ ಮೂವತ್ತು ವರ್ಷ ನಿಂತ ಕಿವಿ. ನರವೇ ಹೋಗಿದ್ದರೆ ಯಾವ ಡಾಕ್ಟರು ತಂದುಕೊಟ್ಟಾರು ಎಂದು ನನಗೆ ದಿಗಿಲು.

ಡಾಕ್ಟರು ದೀಪ ಹಿಡಿದು ನೋಡಿದರು. "ಏನ್ರಿ ಕಾಕಾ, ಕಿವ್ಯಾಗ ಕಾರ್ಖಾನಿ ಇಟ್ಟೀರೇನು?" ಎಂದು ಬೆಚ್ಚನೆಯ ನೀರು ಚಿಮ್ಮಿಸಿದರು. ಒಂದೊಂದು ಕಿವಿಯಿಂದ ಗೋಡಂಬಿಯಷ್ಟು ದೊಡ್ಡ ಕಂದು ಗಡ್ಡೆ ಬಟ್ಟಲಿಗೆ ಬಿತ್ತು. ಗುಗ್ಗೆಗೆ ಕಟ್ಟಿಗೆಯ ಹೊಟ್ಟು ಸೇರಿ ಬಿರಡೆಯಾಗಿತ್ತು. ಮಾಣಿಕಪ್ಪ ಕಡ್ಡಿ ಹಾಕಿ ಅದನ್ನು ಇನ್ನೂ ಒಳಗೆ ತಳ್ಳಿದ್ದರು. ಅವರು ಬಟ್ಟಲನ್ನು ಇಸಿದುಕೊಂಡು, ಗಡ್ಡೆಯನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ಒಡೆದು ನೋಡಿದರು.

"ಸಾಗವಾನಿ ಅದರಿ" ಎಂದರು, ತೃಪ್ತಿಯಿಂದ.

ಆಮೇಲೆ ಮುಖವೆತ್ತಿ ಫ್ಯಾನಿನ ಕಿರುಗುಟ್ಟುವಿಕೆ ಕೇಳಿದರು, ಹೊರಗಿನ ಆಟೋ ಕೇಳಿದರು. ಕಣ್ಣಲ್ಲಿ ನೀರಿತ್ತು, ಚಿಮ್ಮಿದ ನೀರೆಂದು ನಾವು ಮೂವರೂ ಒಪ್ಪಿಕೊಂಡೆವು. ಕೊನೆಗೆ ಡಾಕ್ಟರ ಮೇಜನ್ನು ಗೆಣ್ಣಿನಿಂದ ಎರಡು ಸಲ ತಟ್ಟಿ ಮರುಕದಿಂದ ಕೇಳಿದರು: "ಇದನ್ನ ಶೀಸಂ ಅಂತ ಹೇಳಿ ಕೊಟ್ಟಾರೇನ್ರಿ?" ದುಬಾರಿ ಕಟ್ಟಿಗೆಯೆಂದು ದುಡ್ಡು ಸುರಿದಿದ್ದ ಡಾಕ್ಟರ ಮುಖ ಇಳಿದುಹೋಯಿತು.

ಬಡಿಗನ ಅಂಗಡಿಯ ಮುಂದಿನಿಂದಲೇ ಬಸ್‌ಸ್ಟ್ಯಾಂಡಿಗೆ ನಡೆದೆವು. ಇಬ್ಬರೂ ಆ ಕಡೆ ತಿರುಗಲಿಲ್ಲ.

ಮನೆಗೆ ಬಂದವರೇ ನಾಲ್ಕನೆಯ ಹಲಗೆಯನ್ನು ತೂಗಿ ತಟ್ಟಿದರು. ಅದು ತುಂಬು ಕೊಡದಂತೆ ನುಡಿಯಿತು. ಮಾಣಿಕಪ್ಪನವರ ಮುಖ ಅರಳಿ, ಮರುಕ್ಷಣ ಕಪ್ಪಿಟ್ಟಿತು. ಹಾಗಾದರೆ ಮೊದಲ ಮೂರೂ ನುಡಿದಿದ್ದವು! ಅವು ಎಲ್ಲಿ? ಕಮಳಾಬಾಯಿ ಬಚ್ಚಲ ಒಲೆಯತ್ತ ಕೈ ತೋರಿದರು. ನಾವು ಒಲೆಯ ಮುಂದೆ ತಲೆತಗ್ಗಿಸಿ ನಿಂತೆವು.

"ನೀರು ಛಲೋ ಕಾದಿದ್ವು ಬಿಡ್ರಿ" ಎಂದು ಕಮಳಾಬಾಯಿ ಸಮಾಧಾನ ಹೇಳಿದರು.

ಟೀಚರಿಗೆ ಗಿಟಾರ್ ಸಿಕ್ಕಿತು. ಮರುವರ್ಷ ಮಾಣಿಕಪ್ಪ ಹೆಂಡತಿಯ ಊರಾದ ನಾರಾಯಣಖೇಡಕ್ಕೆ ಹೊರಟುಹೋದರು. ಓಣಿಯವರು ಈಗ ಎಣಿಸದೆ ಬಾಗಿಲು ತೆರೆಯುತ್ತಾರೆ.

ನಾನು ಒಮ್ಮೆ ಮಾತ್ರ ಅಲ್ಲಿಗೆ ಹೋಗಿದ್ದೆ. ಅದೇ ನಮ್ಮ ಕೊನೆಯ ಭೇಟಿ. ಅವರು ಪಡಸಾಲೆಯಲ್ಲಿ ನನಗೆ ಬೆನ್ನು ಹಾಕಿ ಕುಳಿತು, ಬಾಗಿದ ಹಲಗೆಗೆ ಅಂಟು ಹಚ್ಚುತ್ತಿದ್ದರು. ಕರೆಯಲು ನಾನು ಬಾಯಿ ತೆರೆಯುವಷ್ಟರಲ್ಲಿ, ತಿರುಗದೆಯೇ ಅಂದರು:

"ಬರ್ರಿ ಮಾಸ್ತರ್. ಎಡಗಾಲಿನ ಚಪ್ಪಲಿ ಹೊಲಿಗಿ ಬಿಟ್ಟದ, ನೋಡಕೋರಿ."

ನೋಡಿಕೊಂಡೆ. ಬಿಟ್ಟಿತ್ತು.