ಅಡಕತ್ತರಿಗೆ ಸಿಕ್ಕ ಜಗದ್ರಕ್ಷಕ

ಬಿಳಗಿಯಲ್ಲೊಂದು ಮದುವೆ. ಎರಡನೇ ಪಂಕ್ತಿಗೆ ಎಲೆ ಹಾಕುವ ಹೊತ್ತಿನಲ್ಲಿ ನನ್ನ ಕತೆ ನನ್ನದೇ ಕಿವಿಗೆ ಬಿತ್ತು. ಹೇಳುತ್ತಿದ್ದಾಕೆಗೆ ನಾನು ಯಾರೆಂದು ಗೊತ್ತಿರಲಿಲ್ಲ. “ಶಿರಸಿ ಬದಿಯದ್ದೊಂದು ಕೂಸು ಇದ್ದಡ. ಚರ್ಚಾಸ್ಪರ್ಧೆಲಿ ಕಪ್ಪು ಗೆಲ್ಲೂದೇ ಅದರ ಕೆಲಸ. ಮಾತಾಡಿ ಮಾತಾಡಿ ಸೋದರಮಾವನ ತಲೆ ಕೆಡಿಸಿ, ಭಾವನ ಗೊಂಬೆ ಕೈ ಕಡಿಸಿ ಹಾಕಿದ್ದಡ!” ಎಂದಳು. ಪಕ್ಕದಲ್ಲಿದ್ದವಳು, “ಅಂಥವಕ್ಕೆ ಬೇಗ ಮದುವೆ ಮಾಡವು,” ಎಂದು ಪರಿಹಾರವನ್ನೂ ಸೂಚಿಸಿದಳು. ಈ ಕತೆ ತ್ಯಾಗಲಿಯ ನೆಂಟರ ಮನೆಗೆ ಮುಟ್ಟುವಷ್ಟರಲ್ಲಿ ಗೊಂಬೆಯ ಕೈಯ ಬದಲು ತಲೆಯೇ ಹೋಗಿತ್ತು. ಶಿರಸಿಯ ನಮ್ಮ ಬೀದಿಯಲ್ಲಂತೂ ಕತ್ತರಿ ಹಿಡಿದವಳು ನಾನೇ.

ಇವರೆಲ್ಲ ಹೇಳುವುದರಲ್ಲಿ ಒಂದು ಸಣ್ಣ ಕೊರತೆ ಇದೆ. ನಡೆದದ್ದು ಹಾಗಲ್ಲ. ನನ್ನ ನಾಲಿಗೆ ಹರಿತ ಅನ್ನುವುದನ್ನು ಒಪ್ಪುತ್ತೇನೆ, ಕಾಲೇಜಿನಲ್ಲಿ ಅದಕ್ಕೆ ಪ್ರಮಾಣಪತ್ರ ಕೊಟ್ಟಿದ್ದಾರೆ. ಆದರೆ ಪ್ಲಾಸ್ಟಿಕ್ ಕೊಯ್ಯುವಷ್ಟು ಹರಿತವಾದ ನಾಲಿಗೆ ಇನ್ನೂ ತಯಾರಾಗಿಲ್ಲ.

ಸಿದ್ದಾಪುರದಲ್ಲಿ ನನ್ನ ಅಕ್ಕನ ಮನೆ. ಭಾವ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ಅಕ್ಕ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ; ಮದುವೆ ದಿನಗಳಲ್ಲಿ ಅವಳ ಮನೆಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗ ಇರುವುದಿಲ್ಲ. ಹೊಸ ಮನೆ ಕಟ್ಟುವಾಗ ಹಜಾರದ ಗೋಡೆಯಲ್ಲಿ ಒಂದು ಗಾಜಿನ ಕಪಾಟು ಮಾಡಿಸಿದ್ದರು. ಒಳಗೆ ದೀಪ, ಹಿಂದೆ ಕನ್ನಡಿ. ಹೊಲಿದ ರವಿಕೆಗಳನ್ನು ಅಲ್ಲಿ ತೂಗುಹಾಕಿದರೆ ಬಂದವರ ಕಣ್ಣಿಗೆ ಬೀಳುತ್ತವೆ ಎಂಬುದು ಅಕ್ಕನ ಲೆಕ್ಕ. ಭಾವನ ಲೆಕ್ಕ ಬೇರೆ ಇತ್ತು. ಗೃಹಪ್ರವೇಶದ ಮರುದಿನ ಅಕ್ಕ ಏಳುವಷ್ಟರಲ್ಲಿ ಆ ಕಪಾಟಿನಲ್ಲಿ ಮೂವತ್ತೊಂದು ಜನ ನಿಂತಿದ್ದರು. ಎಲ್ಲರೂ ಗೇಣುದ್ದದ, ಪ್ಲಾಸ್ಟಿಕ್ಕಿನ ಸಿನೆಮಾ ಮಹಾವೀರರು. ಎಲ್ಲರೂ ಬಿಗಿಯಾದ ಬಟ್ಟೆ ತೊಟ್ಟವರು, ಸೊಂಟದ ಮೇಲೆ ಕೈ ಇಟ್ಟು ಅಕ್ಕನ ಅಡುಗೆಮನೆಯ ಕಡೆಗೇ ದಿಟ್ಟಿಸುವವರು. ಭೂಮಿಯನ್ನು ಇಷ್ಟೊಂದು ಸಲ ಉಳಿಸಿದವರಿಗೆ ಒಂದು ಕಪಾಟು ಬಿಟ್ಟುಕೊಡಲು ಅಕ್ಕನಿಗೆ ಮನಸ್ಸಿರಲಿಲ್ಲ ಅನ್ನುವುದು ಭಾವನ ದೂರು. ರವಿಕೆಗಳು ಮಲಗುವ ಕೋಣೆಯ ಹಗ್ಗದ ಮೇಲೆ ನೇತಾಡುತ್ತಿದ್ದವು.

ಮೂವತ್ತೆರಡನೆಯವನು ಬಂದಾಗ ಜಗಳ ತುದಿ ಮುಟ್ಟಿತು. ಹನ್ನೆರಡು ಅಂಗುಲದ ಆಳು, ಬೂದು ಬಣ್ಣದ ಕವಚ, ತಾಮ್ರ ಬಣ್ಣದ ನಿಜವಾದ ಬಟ್ಟೆಯ ಮೇಲುಹೊದಿಕೆ, ಮೇಲೆತ್ತಿದ ಬಲಮುಷ್ಟಿ. ಭಾವ ಯಾವುದೋ ಸಂಗ್ರಾಹಕರ ಗುಂಪಿನಲ್ಲಿ ಹುಡುಕಿ ತರಿಸಿದ್ದ. ಇದು ಕಂಪನಿಯ ಅಸಲಿ ಮಾಲು, ಕೆಲವೇ ಕೆಲವು ಮಾಡಿದ್ದಾರೆ ಎಂದು ಅವನ ವಾದ. ಸಿದ್ದಾಪುರದ ಸಂತೆಯಲ್ಲಿ ಪ್ಲಾಸ್ಟಿಕ್ ಬಕೆಟ್ಟಿನ ಪಕ್ಕ ಇಂಥದ್ದನ್ನೇ ನೋಡಿದ್ದೇನೆ ಎಂದು ಅಕ್ಕನದು.

ಆ ಭಾನುವಾರ ನಾನು ಶಿರಸಿಯಿಂದ ಬಸ್ಸಿಳಿದು ಬಂದಾಗ ಒಪ್ಪಂದ ಆಗಿಬಿಟ್ಟಿತ್ತು.

“ಒರಿಜಿನಲ್ ಹೇಳಾದ್ರೆ ಕಪಾಟು ನಿಂಗಳದ್ದು, ಆನು ಇನ್ನು ಬಾಯಿ ಬಿಡ್ತಿಲ್ಲೆ,” ಎಂದಳು ಅಕ್ಕ. “ಡೂಪ್ಲಿಕೇಟ್ ಹೇಳಾದ್ರೆ ಅಷ್ಟೂ ಗೊಂಬೆ ಸಜ್ಜದ ಮೇಲೆ. ಇವತ್ತೇ.”

“ಗೊಂಬೆ ಅಲ್ಲ, ಫಿಗರ್ ಅದು,” ಎಂದ ಭಾವ.

“ಎಂತಾದ್ರೂ ಆಗ್ಲಿ. ಊಟ ಕೇಳ್ತಿಲ್ಲೆ, ಅದೊಂದೇ ಪುಣ್ಯ.”

ತೀರ್ಪು ಕೊಡುವವರು ಯಾರು ಎಂಬ ಪ್ರಶ್ನೆಯೇ ನಮ್ಮ ಮನೆತನದಲ್ಲಿ ಏಳುವುದಿಲ್ಲ. ಯಲ್ಲಾಪುರದಲ್ಲಿ ಒಬ್ಬ ಸೋದರಮಾವ ಇದ್ದಾನೆ. ಮೂವತ್ತು ವರ್ಷದಿಂದ ಅಡಿಕೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಮಾಲು ನೋಡಿ ದರ್ಜೆ ಹೇಳುವುದು ಅವನ ಕೆಲಸ. ಮೂಟೆಯೊಳಗೆ ಕೈ ಹಾಕಿ ಹಿಡಿಯಷ್ಟು ತೆಗೆಯುತ್ತಾನೆ, ಕುಲುಕುತ್ತಾನೆ, ಮೂಸುತ್ತಾನೆ, ಒಂದನ್ನು ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾನೆ, ಹೇಳಿಬಿಡುತ್ತಾನೆ. ಮೂವತ್ತು ವರ್ಷದಲ್ಲಿ ಅವನ ಮಾತು ತಪ್ಪಿದ್ದಿಲ್ಲವಂತೆ. ಹಾಗಾಗಿ ಹಲಸಿನ ಹಣ್ಣು, ತುಪ್ಪ, ರೇಷ್ಮೆ ಸೀರೆ, ಹಳೆ ಕಾರು ಏನೇ ಕೊಳ್ಳುವುದಿದ್ದರೂ ಮಾವ ನೋಡಬೇಕು. ಭಾವನನ್ನು ಅಳಿಯ ಮಾಡಿಕೊಳ್ಳುವ ಮೊದಲು ನೋಡಿ ಪಾಸು ಮಾಡಿದವನೂ ಅವನೇ. ಆಗ ಒಳಗಿನ ಬಣ್ಣ ಹೇಗೆ ನೋಡಿದನೋ ಗೊತ್ತಿಲ್ಲ. ಅಡಿಕೆ ಬಲ್ಲವನು ಎಲ್ಲವನ್ನೂ ಬಲ್ಲ ಎಂಬ ಈ ನಂಬಿಕೆಯ ವಿರುದ್ಧ ನಾನು ಹತ್ತು ನಿಮಿಷ ನಿರರ್ಗಳವಾಗಿ ಮಾತಾಡಬಲ್ಲೆ. ಆದರೆ ಆ ದಿನ ಮಾವ ಊಟಕ್ಕೆ ಹೇಗೂ ಬರುವವನಿದ್ದ, ಮಾವಿನಕಾಯಿಯ ಅಪ್ಪೆಹುಳಿಯೂ ಆಗಿತ್ತು. ನಾನು ಸುಮ್ಮನಾದೆ.

ಊಟವಾಯಿತು. ಮಾವ ಕಂಬಳಿಯ ಮೇಲೆ ಕುಳಿತು ಕವಳದ ತಟ್ಟೆ ಎಳೆದುಕೊಂಡ. ಎಲೆ, ಸುಣ್ಣದ ಡಬ್ಬಿ, ಅಡಿಕೆ, ಅಡಕತ್ತರಿ. ಊಟದ ಮೇಲೆ ಈ ತಟ್ಟೆ ಬರದಿದ್ದರೆ ನೆಂಟರು ಬಂದದ್ದೇ ಸುಳ್ಳು. ಭಾವ ಆ ವೀರನನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮುಂದಿಟ್ಟ.

“ಎಂತದಾ ಇದು, ಹನುಮಂತನಾ?” ಎಂದ ಮಾವ.

“ಅಲ್ಲ ಮಾವ, ಸಿನೆಮಾದಂವ.”

“ಶಾಲು ಹೊದ್ಕಂಡಿದ್ನಲಾ. ಎಲ್ಲಿ ಸನ್ಮಾನ ಆಜು?”

ಅಕ್ಕ ಅಡುಗೆಮನೆಯಲ್ಲೇ ನಕ್ಕದ್ದು ಕೇಳಿತು. ಭಾವ ನಗಲಿಲ್ಲ. ಅವನು ಪರೀಕ್ಷೆಗೆ ತಯಾರಾಗಿ ಬಂದಿದ್ದ. ಎದುರು ಪಕ್ಷ ನನ್ನದು. ಅಕ್ಕ ನನಗೆ ಕೊಟ್ಟ ಕೆಲಸವೇ ಅದು, ಕೊಡದಿದ್ದರೂ ನಾನು ಮಾಡುತ್ತಿದ್ದೆ. ಅಕ್ಕ ಶನಿವಾರವೇ ಫೋನಿನಲ್ಲಿ ಜಗಳದ ಸುದ್ದಿ ಹೇಳಿದ್ದಳು; ಆ ರಾತ್ರಿಯೆಲ್ಲ ಮೊಬೈಲಿನಲ್ಲಿ ನಕಲಿ ಗೊಂಬೆ ಗುರುತಿಸುವ ವಿಡಿಯೋಗಳನ್ನು ನೋಡಿ ನಾನೂ ಪಂಡಿತೆಯಾಗಿದ್ದೆ.

“ಸಂದು ನೋಡು ಮಾವ. ಮೊಣಕಾಲು ಎಷ್ಟು ಬಗ್ಗಿಸಿದ್ರೆ ಅಷ್ಟಕ್ಕೇ ನಿಲ್ತು. ನಕಲಿದಾದ್ರೆ ಲೊಡಲೊಡ ಹೇಳ್ತು,” ಎಂದ ಭಾವ. ಒಂದೇ ಕಾಲಿನ ಮೇಲೆ ನಿಲ್ಲಿಸಿ ತೋರಿಸಿದ. ನಿಂತಿತು.

“ಹೊಸದು ಎಲ್ಲಾ ಬಿಗಿನೇ ಭಾವ,” ಎಂದೆ. “ನಮ್ಮನೆ ಸ್ಟೂಲೂ ಹೊಸದ್ರಲ್ಲಿ ನಿಲ್ತಿತ್ತು.”

“ಕಣ್ಣು ನೋಡು. ಬಣ್ಣ ಕೂದಲೆಳೆಯಷ್ಟು ಆಚೀಚೆ ಆಜಿಲ್ಲೆ. ಬೆನ್ನ ಹಿಂದೆ ಅಚ್ಚಿನ ಗೆರೆ ಇಲ್ಲೆ. ಹೊದಿಕೆ ಅಂಚಿಗೆ ಹೊಲಿಗೆ ಇದ್ದು, ಅಂಟು ಹಚ್ಚಿದ್ದಲ್ಲ.”

ಹೊಲಿಗೆ ಎಂದಾಗ ಅಕ್ಕ ಕೈ ಒರೆಸಿಕೊಳ್ಳುತ್ತ ಬಂದು ಅಂಚನ್ನು ತಿರುವಿ ನೋಡಿದಳು. “ಹೊಲಿಗೆ ಚೊಲೋ ಇದ್ದು,” ಎಂದು ಒಪ್ಪಿಕೊಂಡುಬಿಟ್ಟಳು. ನನ್ನ ಪಕ್ಷದವಳೇ! ಸತ್ಯ ಹೇಳುವ ಜೊತೆಗಾರರನ್ನು ಕಟ್ಟಿಕೊಂಡು ಯಾವ ಚರ್ಚೆಯನ್ನೂ ಗೆಲ್ಲಲಾಗುವುದಿಲ್ಲ.

“ಡಬ್ಬಿ ಮೇಲಿನ ಅಕ್ಷರ ನೋಡು, ಎಷ್ಟು ಚೊಕ್ಕ,” ಎಂದು ಭಾವ ಅದು ಬಂದ ಖಾಲಿ ಡಬ್ಬಿಯನ್ನೂ ಮುಂದಿಟ್ಟ.

“ಅಕ್ಷರ ಚೊಕ್ಕ ಇದ್ರೆ ಒರಿಜಿನಲ್ ಹೇಳಾದ್ರೆ, ನಿನ್ನ ಶಾಲೆಲಿ ಕಾಪಿ ಹೊಡೆದ ಪೇಪರೂ ಒರಿಜಿನಲ್ಲೇ.”

ಮಾವ ಗೊಳ್ಳೆಂದು ನಕ್ಕ. ಅಲ್ಲಿಂದ ನನ್ನ ಬಂಡಿಗೆ ಇಳಿಜಾರು ಸಿಕ್ಕಿತು. ಬಣ್ಣ ಗಡಿ ದಾಟಿದರೆ ನಕಲಿ ಎನ್ನಬಹುದು, ಆದರೆ ದಾಟದಿದ್ದರೆ ಅಸಲಿ ಎಂದು ಹೇಗೆ ಸಾಬೀತಾಗುತ್ತದೆ? ಒಳ್ಳೆಯ ನಕಲಿ ಮಾಡುವವನಿಗೂ ಕಣ್ಣಿದೆ, ಕುಂಚವಿದೆ. ನೀನು ತೋರಿಸುತ್ತಿರುವುದೆಲ್ಲ ಹೊರಗಿನದು. ಹೊರಗಿನದು ಯಾವುದನ್ನೂ ಸಾಬೀತು ಮಾಡುವುದಿಲ್ಲ. ಸಾಬೀತು ಮಾಡುವ ಹೊಣೆ ಇರುವುದು ಅಸಲಿ ಎನ್ನುವವನ ಮೇಲೆ, ನನ್ನ ಮೇಲಲ್ಲ. ಇಷ್ಟೇ ನಾನು ಹೇಳಿದ್ದು. ಈ ವಾದದಲ್ಲಿ ‘ಕೊಯ್ಯಿ’ ಎಂಬ ಶಬ್ದ ಎಲ್ಲಿದೆ, ಬಿಳಗಿಯವರು ತೋರಿಸಲಿ.

ಆದರೆ ‘ಹೊರಗಿನದು ಯಾವುದನ್ನೂ ಸಾಬೀತು ಮಾಡುವುದಿಲ್ಲ’ ಎಂಬ ಮಾತು ಮಾವನಿಗೆ ತಾಗಿತು. ಅವನ ಮೂವತ್ತು ವರ್ಷದ ಕಸುಬೆಲ್ಲ ಅದೇ ಮಾತಿನ ಮೇಲೆ ನಿಂತಿದೆ.

“ಕೂಸು ಹೇಳದು ಸಮಾ ಇದ್ದು ನೋಡು,” ಎಂದ. “ಸಿಪ್ಪೆ ಸುಲಿದ ಚಾಲಿ ಅಡಿಕೆ ಹೊರಗಿಂದ ಎಂಥಾ ಚೆಂದ ಕಾಣ್ತು! ಒಳಗೆ ನೋಡಿದ್ರೆ ಕರಿ. ಎಷ್ಟು ಜನ ಹಾಂಗೆ ಮೋಸ ಹೋಯ್ದ.”

ವೀರನನ್ನು ಎತ್ತಿಕೊಂಡ. ಕಿವಿಯ ಹತ್ತಿರ ಕುಲುಕಿದ, ಸದ್ದಿಲ್ಲ. ಮೂಸಿದ. ಹೆಬ್ಬೆರಳಿನಿಂದ ಎದೆಯ ಕವಚ ಉಜ್ಜಿದ. ಆಮೇಲೆ, ನನ್ನಾಣೆ, ಆ ವೀರನ ಮೊಣಕಾಲನ್ನು ಬಾಯಿಗಿಟ್ಟು ದವಡೆಯಲ್ಲಿ ಮೆಲ್ಲಗೆ ಕಚ್ಚಿ ನೋಡಿದ. ಲೋಕವನ್ನೇ ನಡುಗಿಸುವ ಖಳನಾಯಕರಿಗೂ ಈ ಉಪಾಯ ಹೊಳೆದಿರಲಿಕ್ಕಿಲ್ಲ.

“ಗಟ್ಟಿ ಇದ್ದು. ಆದ್ರೆ ಕೊಯ್ದು ನೋಡದೇ ಹೇಳ್ಳೆ ಬತ್ತಿಲ್ಲೆ,” ಎಂದ. ಅಡಕತ್ತರಿ ಆಗಲೇ ಬಲಗೈಯಲ್ಲಿತ್ತು, ಅಡಿಕೆ ಹೆಚ್ಚುತ್ತಲೇ ಇದ್ದನಲ್ಲ. “ಕೊಯ್ಲಾ?”

ನಾವು ತಮಾಷೆ ಅಂದುಕೊಂಡೆವು. ಅಕ್ಕ ಸೆರಗು ಬಾಯಿಗೊತ್ತಿ ನಗುತ್ತಿದ್ದಳು. ನಾನು ಮುಂದಿನ ವಾದಕ್ಕೆ ಬಾಯಿ ತೆರೆಯುತ್ತಿದ್ದೆ. ಭಾವ ಮಾತ್ರ ನಗಲಿಲ್ಲ. ಕಪಾಟಿನ ಕಡೆ ಒಮ್ಮೆ ನೋಡಿದ, ಮಾವನ ಕಡೆ ನೋಡಿದ. “ಕೊಯ್ಯಿ ಮಾವ,” ಎಂದ.

ಇದನ್ನು ಯಾರೂ ಹೇಳುವುದಿಲ್ಲ. ಬಿಳಗಿಯಲ್ಲೂ ಇಲ್ಲ, ತ್ಯಾಗಲಿಯಲ್ಲೂ ಇಲ್ಲ.

ಕಟ್ ಎಂದು ಸದ್ದಾಯಿತು. ಮೇಲೆತ್ತಿದ ಬಲಮುಷ್ಟಿ ಮೊಣಕೈಯಿಂದ ಕಳಚಿ ಕವಳದ ತಟ್ಟೆಗೆ, ಎಲೆಯ ಮೇಲೆ, ಸುಣ್ಣದ ಡಬ್ಬಿಗೆ ಒರಗಿ ಬಿತ್ತು. ಅಕ್ಕ ಬಾಯಿಗೊತ್ತಿದ್ದ ಸೆರಗು ಬಿಟ್ಟು ಮುಂದೆ ಬಂದಳು. ಮಾವನಿಗೆ ಮಾತ್ರ ಏನೂ ಆದಂತೆ ಕಾಣಲಿಲ್ಲ. ಕನ್ನಡಕ ಏರಿಸಿ, ಕಡಿದ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುವಿ ತಿರುವಿ ನೋಡಿದ.

“ಒಳಗೆ ಪೊಳ್ಳಿಲ್ಲೆ. ಬಣ್ಣ ಒಂದೇ ನಮನಿ ಇದ್ದು. ಕರೆ ಇಲ್ಲೆ. ಮಾಲು ಖರೇದೇಯಾ ತಮ್ಮಾ, ಅಡ್ಡಿಲ್ಲೆ.”

“ಮಾವಾ,” ಎಂದಳು ಅಕ್ಕ, “ಅದು ಒಂದೇ ಇತ್ತು.”

ಮಾವ ತುಂಡನ್ನು ನೋಡಿದ, ಮೊಂಡುಗೈಯ ವೀರನನ್ನು ನೋಡಿದ. ಒಂದು ಮೂಟೆ ಅಡಿಕೆಯಲ್ಲಿ ಒಂದನ್ನು ಕೊಯ್ದರೆ ಉಳಿದ ಮೂಟೆ ಹಾಗೇ ಇರುತ್ತದೆ. ಇಲ್ಲಿ ಮೂಟೆಯೂ ಒಂದೇ, ಅಡಿಕೆಯೂ ಒಂದೇ. ಮೂವತ್ತು ವರ್ಷದಲ್ಲಿ ಅವನಿಗೆ ಈ ತೊಂದರೆ ಬಂದಿರಲಿಲ್ಲ. “ಅಯ್ಯೋ, ಹೌದಲಾ,” ಎಂದ. ಅವನ ಕಿವಿಯೆಲ್ಲ ಕೆಂಪಾಯಿತು. ಆಗ ಸಭೆಗೆ ಒಬ್ಬ ಅಪರಾಧಿ ಬೇಕಿತ್ತು. ಹಿರಿಯನನ್ನು ಬೈಯುವಂತಿಲ್ಲ, ಗೊಂಬೆಯ ಯಜಮಾನನನ್ನು ಬೈದರೆ ಚೆನ್ನಾಗಿರುವುದಿಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. “ಎಂತಕ್ಕೆ ಅಷ್ಟು ಮಾತಾಡವೇ ನೀನು?” ಎಂದಳು ಅಕ್ಕ. ಕತೆ ಹುಟ್ಟಿದ್ದು ಆ ಕ್ಷಣದಲ್ಲಿ. ಭಾವ ಅದನ್ನು ತಿದ್ದಲಿಲ್ಲ.

ಅಕ್ಕ ಮಾತಿಗೆ ತಪ್ಪುವವಳಲ್ಲ. ತೀರ್ಪು ಅಸಲಿ ಎಂದೇ ಬಂದಿತ್ತು. ಆ ಸಂಜೆಯಿಂದ ಕಪಾಟಿನ ಸುದ್ದಿಯನ್ನು ಅವಳು ಎತ್ತಿಲ್ಲ. ಭಾವ ಕೈಯನ್ನು ಅಂಟಿನಿಂದ ಅಂಟಿಸಿದ. ಸ್ವಲ್ಪ ಸೊಟ್ಟಗೆ ಕೂತಿದೆ. ಈಗ ಆ ವೀರ ದುಷ್ಟರಿಗೆ ಗುದ್ದುವವನ ಹಾಗಲ್ಲ, ಬಸ್ಸಿಗೆ ಕೈ ಮಾಡುವವನ ಹಾಗೆ ಕಾಣುತ್ತಾನೆ. ಮೂವತ್ತೆರಡು ಜನರೂ ದೀಪದ ಕೆಳಗೆ ಆರಾಮಾಗಿದ್ದಾರೆ. ರವಿಕೆಗಳು ಇನ್ನೂ ಹಗ್ಗದ ಮೇಲಿವೆ. ಗಿರಾಕಿಗಳು ಬಂದರೆ ಅಕ್ಕ ಮಲಗುವ ಕೋಣೆಯ ಹಾಸಿಗೆ ಸುತ್ತಿಟ್ಟು ಒಳಗೆ ಕರೆಯುತ್ತಾಳೆ.

ಬಿಳಗಿಯ ಮದುವೆಯಾದ ವಾರಕ್ಕೆ ಮತ್ತೆ ಅಕ್ಕನ ಮನೆಗೆ ಹೋಗಿದ್ದೆ. ದೂರದ ಗಿರಾಕಿಯೊಬ್ಬಳಿಗೆ ರವಿಕೆ ಕಳಿಸಲು ಅಕ್ಕನಿಗೊಂದು ಗಟ್ಟಿ ಡಬ್ಬಿ ಬೇಕಿತ್ತು. ಮಂಚದ ಅಡಿಯಲ್ಲಿ ಆ ವೀರನ ಖಾಲಿ ಡಬ್ಬಿ ಸಿಕ್ಕಿತು. ಒಳಗಿನ ಪ್ಲಾಸ್ಟಿಕ್ ತಟ್ಟೆಯನ್ನು ಎಳೆದಾಗ ಅದರ ತಳದಿಂದ ಕಂಪನಿಯ ಒಂದು ಕಾರ್ಡು ಜಾರಿ ಬಿತ್ತು. ಬೆಳ್ಳಿಯ ಬಣ್ಣದ ಪಟ್ಟಿಯನ್ನು ಉಗುರಿನಿಂದ ಕೆರೆದು, ಅಡಿಯ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ, ಮಾಲು ಅಸಲಿಯೋ ನಕಲಿಯೋ ತಿಳಿದುಕೊಳ್ಳಿ ಎಂದು ಅದರ ಮೇಲಿತ್ತು. ಅಂದರೆ ಆ ಭಾನುವಾರ ಇಡೀ ಮನೆ ಒಂದು ತಾಸು ಗಂಟಲು ಹರಿದುಕೊಂಡ ವಿಷಯ ಒಂದು ನಿಮಿಷದ್ದಾಗಿತ್ತು. ಸಂದು, ಬಣ್ಣ, ಹೊಲಿಗೆ, ತರ್ಕ, ಎಲ್ಲವನ್ನೂ ಎಳೆದಾಡಿದ ಈ ಚರ್ಚಾಪಟು ‘ಕಾಗದ ಏನಾದರೂ ಉಂಟಾ’ ಎಂದು ಕೇಳಲೇ ಇಲ್ಲ. ನನ್ನ ಕಪ್ಪುಗಳನ್ನು ವಾಪಸು ಕೊಡುವ ವ್ಯವಸ್ಥೆ ಇದ್ದರೆ ತಿಳಿಸಬೇಕು.

ಆದರೆ ನನ್ನನ್ನು ನಿಲ್ಲಿಸಿದ್ದು ಅದಲ್ಲ. ಆ ಪಟ್ಟಿಯನ್ನು ಯಾರೋ ಆಗಲೇ ಕೆರೆದಿದ್ದರು. ನಂಬರು ಪೂರ್ತಿ ಕಾಣುತ್ತಿತ್ತು. ನಾನೂ ಮೊಬೈಲಿನಲ್ಲಿ ಹಾಕಿ ನೋಡಿದೆ. ಈ ಸಂಖ್ಯೆಯನ್ನು ಒಮ್ಮೆ ಪರಿಶೀಲಿಸಿ ಆಗಿದೆ, ಎರಡನೇ ಸಲ ಉತ್ತರ ಕೊಡುವುದಿಲ್ಲ ಎಂದು ಬಂತು. ತಾರೀಖೂ ಇತ್ತು. ಮಾವ ಊಟಕ್ಕೆ ಬಂದ ಭಾನುವಾರದ ಹಿಂದಿನ ಶುಕ್ರವಾರ. ಅಸಲಿ ಎಂದು ಬಂದಿದ್ದರೆ, ಆ ದಿನ ಈ ಕಾರ್ಡೊಂದನ್ನು ತೋರಿಸಿದ್ದರೆ ಸಾಕಿತ್ತಲ್ಲ.

ಅಕ್ಕ ಒಳಗೆ ಮಷಿನ್ನು ತುಳಿಯುತ್ತಿದ್ದಳು. ಭಾವ ಹಜಾರದಲ್ಲಿ ಕಪಾಟಿನ ಗಾಜು ಒರೆಸುತ್ತಿದ್ದ. ನಾನು ಕಾರ್ಡನ್ನು ಅವನ ಮುಂದೆ ಹಿಡಿದೆ. ಅವನು ಅದನ್ನು ನೋಡಿ, ಒರೆಸಿದ ಗಾಜನ್ನೇ ಮತ್ತೆ ಒರೆಸತೊಡಗಿದ. ನನಗೆ ವಾದ ಬೇಕಿರಲಿಲ್ಲ. ಒಂದು ಉತ್ತರ ಸಾಕಿತ್ತು.

“ಭಾವ, ನೀ ಈ ನಂಬರು ಹಾಕಿ ನೋಡಿದಾಗ ಎಂತ ಬಂದಿತ್ತು?”