ಒಂಬತ್ತು ಎಂದು ಬರೆದ ಕಾರ್ಡು

ಮಂಗಳವಾರ ಬೆಳಗ್ಗೆ ಎಂಟು ಗಂಟೆ ಹದಿನೇಳು ನಿಮಿಷಕ್ಕೆ ಮೆರೆವಲೇಸಿ (ನಮಗೆಲ್ಲ ವಲೇಸಿ) ದ್ವೀಪಗಳ ರಾಜಧಾನಿ ಸುವಾದಲ್ಲಿ, ನಮ್ಮ ವೈದ್ಯಕೀಯ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸ್ಟಾಪ್‌ವಾಚ್ ಒತ್ತಿ, ಮನಸ್ಸಿನ ಖಿನ್ನತೆ ಅಳೆಯುವ ಇಪ್ಪತ್ತು ಪ್ರಶ್ನೆಗಳಿಗೆ ಉತ್ತರ ಗುರುತು ಹಾಕುತ್ತಿದ್ದರು. ಆರು ನಿಮಿಷ ನಲವತ್ತು ಸೆಕೆಂಡು. ಅಂಕ ಕೂಡಿದರು: ಒಂಬತ್ತು. ಹದಿನಾರು ದಾಟಿದವರನ್ನು ಮಾತ್ರ ವೈದ್ಯರಿಗೆ ತೋರಿಸಬೇಕು. ಒಂಬತ್ತನ್ನು ಕಾರ್ಡಿನಲ್ಲಿ ಬರೆದು, ಕೆಳಗೆ "ಬಳಸಬಹುದು" ಎಂದು ಸಹಿ ಮಾಡಿದರು.

ಅವರ ಕೆಲಸವೇ ಅದು. ರಕ್ತದೊತ್ತಡ ನೋಡಲು ತೋಳಿಗೆ ಸುತ್ತುವ ಪಟ್ಟಿ ಇದೆ. ಒಂಟಿತನಕ್ಕೆ, ಭಯಕ್ಕೆ, ಬೇಸರಕ್ಕೆ ಪ್ರಶ್ನೆಗಳೇ ಅಳತೆಗೋಲು. ಇಂಥದನ್ನು ಅಳೆಯಬೇಕು ಎಂದು ಸಂಶೋಧಕರು ಬಂದು ಕೇಳಿದರೆ, ಯಾವ ದೇಶದಲ್ಲಿ ಯಾರು ಅಂಥ ಪ್ರಶ್ನಾವಳಿ ಮಾಡಿದ್ದಾರೆಂದು ವಲೇಸಿ ಹುಡುಕುತ್ತಿದ್ದರು, ಮಾಡಿದವರಿಗೆ ಬರೆದು ಅನುಮತಿ ತರಿಸುತ್ತಿದ್ದರು. ಇಪ್ಪತ್ತಮೂರು ವರ್ಷಗಳಲ್ಲಿ ಮುನ್ನೂರ ಹನ್ನೆರಡು ಕಾರ್ಡು. ಪ್ರತಿ ಕಾರ್ಡಿನ ಕೊನೆಯ ಸಾಲು: "ನಮ್ಮ ದ್ವೀಪಗಳಲ್ಲಿ ಪರೀಕ್ಷಿಸಿದ್ದಾರೆಯೇ?" ಹೆಚ್ಚಿನವುಗಳ ಮುಂದೆ "ಇಲ್ಲ". ಅದಕ್ಕೇ ಅವರು ತಮಗೊಂದು ನಿಯಮ ಮಾಡಿಕೊಂಡಿದ್ದರು. ತಾವೇ ಮೊದಲು ಉತ್ತರಿಸದೆ ಯಾವುದನ್ನೂ ಯಾರಿಗೂ ಕೊಡುತ್ತಿರಲಿಲ್ಲ.

ಆ ಮಂಗಳವಾರಕ್ಕೆ ಅವರ ಅಣ್ಣ ಪೆನಾಯಾ ತೀರಿಕೊಂಡು ಹತ್ತೊಂಬತ್ತು ದಿನ. ನೂರು ರಾತ್ರಿ ಮುಗಿಯುವವರೆಗೆ ಮನೆಯವರೆಲ್ಲ ಕಪ್ಪು ಉಡಬೇಕು, ಒಬ್ಬೊಬ್ಬರೂ ತಮಗೆ ಪ್ರಿಯವಾದದ್ದನ್ನು ತ್ಯಜಿಸಬೇಕು. ವಲೇಸಿ ಮೀನು ಬಿಟ್ಟಿದ್ದರು, ಕೂದಲಿಗೆ ಎಣ್ಣೆ ಬಿಟ್ಟಿದ್ದರು, ಚರ್ಚಿನ ಹಾಡಿನ ಗುಂಪು ಬಿಟ್ಟಿದ್ದರು, ಶನಿವಾರದ ಮಾರುಕಟ್ಟೆಗೂ ಹೋಗುತ್ತಿರಲಿಲ್ಲ.

ಬಾಗಿಲ ಕಾವಲಿನ ಮೊಸೇಸೆ ಅವರ ಸೋದರಮಾವನ ಮಗ. ನಮ್ಮಲ್ಲಿ ಇಂಥವರು ಒಬ್ಬರನ್ನೊಬ್ಬರು 'ತವಲೆ' ಎಂದು ಕರೆಯುತ್ತಾರೆ, ಗೇಲಿ ಅವರ ಹಕ್ಕು.

"ಏನ್ ತವಲೆ, ಇವತ್ತೂ ಇದ್ದಲು ಮೂಟೆ ಥರಾನೇ ಬಂದ್ಯಾ? ಆ ತಲೇಲಿ ಹಕ್ಕಿ ಮೊಟ್ಟೆ ಇಟ್ಟೀತು ನೋಡ್ಕೋ."

"ಇಟ್ರೆ ನಿನ್ ಬೋಳು ತಲೆಗೆ ಕಳಿಸ್ತೀನಿ. ಅಲ್ಲಿ ಬಿಸಿಲು ಚೆನ್ನಾಗಿ ಬೀಳತ್ತೆ."

ಏಳು ವಾರದ ನಂತರ ಒಂದು ಆರೋಗ್ಯ ಯೋಜನೆಯ ಮೂಲಕ ಆ ಪ್ರಶ್ನಾವಳಿ ರೇವಾ ನದೀಮುಖದ ಆರು ಹಳ್ಳಿಗಳಿಗೆ ಹೋಯಿತು. ಅವುಗಳಲ್ಲೊಂದು ವಲೇಸಿಯ ತವರು ನಾವುನಿಂದಿಲೊ. ಅಣ್ಣ ತೀರಿಕೊಂಡ ಎಪ್ಪತ್ತೈದನೆಯ ದಿನ ಮಧ್ಯಾಹ್ನ ಅತ್ತಿಗೆ ಉನೈಸಿಯ ಫೋನು ಬಂತು. ಪೆನಾಯಾನ ಹೆಂಡತಿ, ನಾದಿನಿಯನ್ನು ನಮ್ಮ ರೂಢಿಯಂತೆ 'ದೌವೆ' ಎಂದೇ ಕರೆಯುತ್ತಿದ್ದಳು.

"ದೌವೆ, ನಂಗೆ ಇಪ್ಪತ್ತಮೂರು ಬಂದಿದ್ಯಂತೆ. ಏಳು ದಿನದೊಳಗೆ ಸುವಾ ಆಸ್ಪತ್ರೆಗೆ ಬಂದು ತೋರಿಸ್ಕೋಬೇಕಂತೆ. ನಾನೇನು ಹುಚ್ಚಿನಾ?"

"ಅಲ್ಲ ಕಣೇ. ನರ್ಸಿಗೆ ನೀನು ಏನು ಹೇಳ್ದೆ?"

"ಇದ್ದದ್ದು ಹೇಳ್ದೆ. ಇಷ್ಟದ ಊಟ ಬಿಟ್ಟಿದೀರಾ ಅಂದ್ಳು, ಹೂಂ ಅಂದೆ. ರೂಪದ ಕಡೆ ಗಮನ ಇಲ್ವಾ ಅಂದ್ಳು, ಹೂಂ ಅಂದೆ. ಖುಷಿ ಕೊಡೋ ಕೆಲಸ, ಜನರ ನಡುವೆ ಹೋಗೋದು, ಎಲ್ಲಾ ಬಿಟ್ಟಿದೀನಿ ಅಂದೆ. ಹೆಂಡ್ತಿಯಾದವಳು ನೂರು ರಾತ್ರಿ ಮನೆ ಬಿಟ್ಟು ಹೋಗೋ ಹಾಗಿಲ್ಲ, ಈಗ ಅದನ್ನ ಮುರ್ಕೊಂಡು ಬಂದ್ರೆ ನಿಮ್ಮಣ್ಣನಿಗೆ ಏನು ಮುಖ ತೋರಿಸ್ಲಿ? ಬರಲ್ಲ ಅಂದ್ರೆ 'ಚಿಕಿತ್ಸೆ ನಿರಾಕರಿಸಿದ್ರು' ಅಂತ ಬರೀತಾರಂತೆ. ಏನಾದ್ರೂ ಮಾಡು."

ನರ್ಸ್ ಶಲೇಶ್ನಿಯ ತಪ್ಪಿರಲಿಲ್ಲ. ಕೇಳಿದ್ದಕ್ಕೆ ಬಂದ ಉತ್ತರವನ್ನೇ ಗುರುತು ಹಾಕಿದ್ದಳು. ನಾಲ್ಕು ಪ್ರಶ್ನೆ, ಒಂದೊಂದಕ್ಕೆ ಮೂರು ಅಂಕ, ಒಟ್ಟು ಹನ್ನೆರಡು. ಅದನ್ನು ಕಳೆದರೆ ಉನೈಸಿಗೆ ಹನ್ನೊಂದು.

ವಲೇಸಿ ಡ್ರಾಯರಿನಿಂದ ತಮ್ಮ ಕಾರ್ಡು ತೆಗೆದು, ಹಿಂದೆ ಪಿನ್ ಮಾಡಿದ್ದ ಉತ್ತರದ ಹಾಳೆ ನೋಡಿದರು. ಆ ನಾಲ್ಕು ಪ್ರಶ್ನೆಗಳ ಮುಂದೆ ಅವರು ಸೊನ್ನೆ ಹಾಕಿದ್ದರು. ಮೀನು ಬಿಟ್ಟವರು, ಹಾಡು ಬಿಟ್ಟವರು, ಕಪ್ಪು ಉಟ್ಟು ಕೂತೇ ಸೊನ್ನೆ ಹಾಕಿದ್ದರು. ಸುಳ್ಳು ಹೇಳಬೇಕೆಂದಲ್ಲ. ಅಣ್ಣನಿಗಾಗಿ ಬಿಟ್ಟದ್ದನ್ನು ಕಾಯಿಲೆ ಕೇಳುವ ಕಾಗದದಲ್ಲಿ ಎಣಿಸಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ. ಅಷ್ಟು ಸಹಜವಾಗಿ ಬಿಟ್ಟಿದ್ದರು.

ನಾಲ್ಕು ಪ್ರಶ್ನೆ ತೆಗೆದುಹಾಕೋಣವೆಂದರೆ ಅನುಮತಿ ಪತ್ರ ಅಡ್ಡ ಬಂತು: "ಒಂದು ಪದವನ್ನೂ ಬದಲಿಸುವಂತಿಲ್ಲ, ಒಂದು ಪ್ರಶ್ನೆಯನ್ನೂ ಬಿಡುವಂತಿಲ್ಲ." ಹದಿನಾರು ದಾಟಿದವರು ಏಳು ದಿನದೊಳಗೆ ಆಸ್ಪತ್ರೆಗೆ ಬರಬೇಕೆಂಬ ಗಡುವೂ ಅದರಲ್ಲೇ ಇತ್ತು, ಹಳ್ಳಿಗರಿಗೂ ಯೋಜನೆಯ ಸಿಬ್ಬಂದಿಗೂ ಒಂದೇ ನಿಯಮ. ಆ ಪತ್ರ ಬೇಡಿ ತರಿಸಿದ್ದು ವಲೇಸಿ, ಕೆಳಗಿನ ಸಹಿಯೂ ಅವರದೇ. ಎರಡು ದಿನ ಅವರು ಕಾರ್ಡಿನ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ಮತ್ತೆ ತಳ್ಳುತ್ತಿದ್ದುದನ್ನು, ಅದೇ ಗ್ರಂಥಾಲಯದಲ್ಲಿ ಕೆಲಸ ಮಾಡುವ ನಾನು ನೋಡಿದೆ. ಶೋಕವನ್ನೂ ರೋಗವನ್ನೂ ಬೇರೆ ಮಾಡಿ ತೋರಿಸುವ, ನಮ್ಮ ಜನರ ಮೇಲೆ ಪರೀಕ್ಷಿಸಿದ ಒಂದು ಅಳತೆಗೋಲೂ ಸಿಗಲಿಲ್ಲ.

ಗುರುವಾರ ಹತ್ತೂವರೆಗೆ ಸಭೆ. ಯೋಜನೆಯ ಮುಖ್ಯಸ್ಥ ಡಾಕ್ಟರ್ ಸಿತಿವೇನಿ, ಶಲೇಶ್ನಿ, ವಲೇಸಿ. ಟಿಪ್ಪಣಿ ಬರೆಯಲು ನಾನು.

"ವಲೇಸಿ ಅವರೇ, ನೂರು ರಾತ್ರಿ ನಂಗೊತ್ತಿಲ್ವಾ? ನಮ್ಮಜ್ಜಿಗೋಸ್ಕರ ನಾನೂ ಗಡ್ಡ ಬಿಟ್ಟಿದ್ದೆ," ಎಂದರು ಡಾಕ್ಟರು. "ಆದ್ರೆ ಆ ಹಳ್ಳಿಯಲ್ಲಿ ಹನ್ನೊಂದು ಜನ ಹದಿನಾರು ದಾಟಿದಾರೆ. ಅವರಲ್ಲಿ ಒಬ್ಬರು ನಿಜವಾಗ್ಲೂ ಮುಳುಗ್ತಾ ಇದ್ರೆ?"

"ಇರಬಹುದು, ಡಾಕ್ಟರೇ. ಅಲ್ಲಿಗೇ ಹೋಗಿ ನೋಡಿ ಅಂತೀನಿ. ದೋಣಿ ಇದೆ."

"ಹೋಗ್ಬಹುದು. ಆದ್ರೆ ಆಸ್ಪತ್ರೆಗೇ ಬರ್ಬೇಕು ಅನ್ನೋ ನಿಯಮ ಸಡಿಲಿಸೋಕೆ ಯೋಜನೆಯ ಸಮಿತಿ ಪುರಾವೆ ಕೇಳತ್ತೆ. ಶೋಕದಲ್ಲಿರೋ ಒಬ್ಬರೇ ಮನುಷ್ಯ, ಶೋಕಕ್ಕೆ ಬಿಟ್ಟದ್ದನ್ನ ಎಣಿಸಿ ಒಂದ್ಸಲ, ಎಣಿಸ್ದೆ ಒಂದ್ಸಲ ಉತ್ತರ ಕೊಟ್ಟು, ಎರಡು ಬೇರೆ ಅಂಕ ಬಂದಿರೋದು ಎಲ್ಲಿದೆ, ತೋರಿಸಿ."

ಅದಕ್ಕೆ ಹತ್ತಿರವಾದ ಕಾರ್ಡು ಒಂದೇ ಇತ್ತು. ಅದು ವಲೇಸಿಯ ಮುಂದೆ, ಮೇಜಿನ ಮೇಲೆ ಬೋರಲಾಗಿ ಬಿದ್ದಿತ್ತು. ಅದನ್ನು ತಿರುಗಿಸಿದರೆ 'ಬಳಸಬಹುದು' ಎಂಬ ಆ ಸಹಿಗೆ ಬೆಲೆ ಇರುವುದಿಲ್ಲ, ಇಪ್ಪತ್ತಮೂರು ವರ್ಷದ ಉಳಿದ ಸಹಿಗಳ ಮೇಲೂ ಅನುಮಾನ ಬರುತ್ತದೆ. ಅಂಕ ಹದಿನಾರು ದಾಟಿದರೆ ತಾವೂ ಆಸ್ಪತ್ರೆಯ ಪಟ್ಟಿಗೆ ಸೇರಬೇಕು. ತಿರುಗಿಸದಿದ್ದರೆ ಸೋಮವಾರ ಉನೈಸಿಯನ್ನು ಕರೆತರಲು ದೋಣಿ ಹೋಗುತ್ತದೆ. ಹೊರಗೆ ಮಳೆ ಜೋರಾಗಿತ್ತು. ಶಲೇಶ್ನಿ ಎದ್ದು ಕಿಟಕಿಯ ಗಾಜಿನ ಪಟ್ಟಿಗಳನ್ನು ಮುಚ್ಚಿ ಬಂದಳು.

ವಲೇಸಿ ಕಾರ್ಡನ್ನು ತಿರುಗಿಸಿ ಡಾಕ್ಟರ ಕಡೆ ಸರಿಸಿದರು.

ಆಮೇಲೆ ಆದದ್ದು ಇಷ್ಟು. ವೈದ್ಯರೇ ದೋಣಿ ಹತ್ತಿ ನಾವುನಿಂದಿಲೊಗೆ ಹೋದರು. ಹನ್ನೊಂದು ಜನರಲ್ಲಿ ಇಬ್ಬರಿಗೆ ಔಷಧಿ ಬೇಕಾಯಿತು, ಉನೈಸಿ ಅವರಲ್ಲಿರಲಿಲ್ಲ. ಆಕೆ ನೂರನೆಯ ರಾತ್ರಿಯವರೆಗೆ ಕಪ್ಪು ಉಟ್ಟು ಮನೆಯಲ್ಲೇ ಇದ್ದಳು. ಮುನ್ನೂರ ಹನ್ನೆರಡು ಕಾರ್ಡುಗಳೂ ಮರುಪರಿಶೀಲನೆಗೆ ಹೋದವು, ವಲೇಸಿಯ ಸಹಿಯ ಅಧಿಕಾರ ಇನ್ನೊಬ್ಬರಿಗೆ ಹೋಯಿತು. ನಿಯಮದಂತೆ ಅವರು ಏಳು ದಿನದೊಳಗೆ ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗೆ ಕೂತರು. "ಇದ್ದಲು ಮೂಟೆ ತೂಕಕ್ಕೆ ಬಂದಿದೆ," ಎಂದು ನರ್ಸುಗಳಿಗೆ ಹೇಳುತ್ತ ಮೊಸೇಸೆ ಪಕ್ಕದಲ್ಲೇ ಕೂತಿದ್ದ.

ಆ ಗುರುವಾರದ ಸಭೆಯ ಟಿಪ್ಪಣಿ ಇನ್ನೂ ನನ್ನ ಬಳಿ ಇದೆ. ಡಾಕ್ಟರು ಕಾರ್ಡು ಓದಿ, ಕನ್ನಡಕ ತೆಗೆದು, ಮೆಲ್ಲಗೆ ಕೇಳಿದ್ದರು: "ಇಲ್ಲಿ ಒಂಬತ್ತು ಅಂತಿದೆ. ಕೇಳಿದ್ದಕ್ಕೆ ಕೇಳಿದ ಹಾಗೇ ಉತ್ತರ ಕೊಟ್ಟಿದ್ರೆ ಎಷ್ಟಾಗ್ತಿತ್ತು?"

ವಲೇಸಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಇಪ್ಪತ್ತೊಂದು."