ಪಿನ್ನು ಚುಚ್ಚದ ಊರು

ಅಮೆರಿಕದಲ್ಲಿ ಎಲ್ಲರೂ ನನ್ನನ್ನು ಮಾವನವರ ಹೆಸರಿನಿಂದ ಕರೆಯುತ್ತಾರೆ. ನಮ್ಮ ಯಜಮಾನರು ಮೈಸೂರು ಕಡೆಯವರು, ಅವರ ಮನೆಯಲ್ಲಿ ಅಡ್ಡಹೆಸರು ಎಂಬ ಪದಾರ್ಥವೇ ಇಲ್ಲ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಖಾಲಿ ಜಾಗ ಕಂಡು ಅಪ್ಪನ ಹೆಸರು ತುಂಬಿದ್ದರು, ಮದುವೆಯಾದ ಮೇಲೆ ಅದು ನನಗೂ ಅಂಟಿಕೊಂಡಿತು. ನಮ್ಮತ್ತೆ ಅಷ್ಟು ವರ್ಷ ಸಂಸಾರ ಮಾಡಿಯೂ ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವರಲ್ಲ. ಇಲ್ಲಿ ಹಲ್ಲಿನ ಡಾಕ್ಟರ ರಿಸೆಪ್ಷನಿನಲ್ಲಿ ಕೂತ ಹುಡುಗಿ ಅದೇ ಹೆಸರನ್ನು ಮುರಿದು ಮುಕ್ಕಾಗಿಸಿ ಕೂಗುತ್ತಾಳೆ, ನಾನು ಎದ್ದು ಹೋಗುತ್ತೇನೆ.

ನನ್ನ ತವರು ಧಾರವಾಡದ ಕಡೆ. ಅಲ್ಲಿ ಅಡ್ಡಹೆಸರಿಗೆ ಬರವಿಲ್ಲ. ಕಾಯಿಪಲ್ಯೆ, ಕಾಳುಕಡಿ, ಪಾತ್ರೆ ಪಗಡ, ಊರು, ಕಸುಬು, ಏನು ಹೇಳಿದರೂ ಅದು ಯಾರದೋ ಮನೆತನದ ಹೆಸರಾಗಿರುತ್ತದೆ. ನಮ್ಮದು ಒಂದು ಕಾಯಿಪಲ್ಯೆ. ಯಾವುದು ಎಂದು ಬರೆಯುವುದಿಲ್ಲ, ಶಾಲೆಯಲ್ಲಿ ಅನಿಸಿಕೊಂಡದ್ದೇ ಸಾಕು. ಅಪ್ಪ ರೈಲು ಹತ್ತಿದರೆ ಎದುರು ಕೂತವರ ಅಡ್ಡಹೆಸರು ಕೇಳುವುದು ಮೊದಲ ಕೆಲಸ. ಅದು ನಮ್ಮದೇ ಆಗಿದ್ದರೆ ಮುಗಿಯಿತು, ಎರಡು ಸ್ಟೇಷನ್ ದಾಟುವುದರೊಳಗೆ ಇಬ್ಬರೂ ಅಣ್ಣತಮ್ಮಂದಿರು, ರೊಟ್ಟಿಯ ಗಂಟು ಬಿಚ್ಚಿ ಹಂಚಿಕೊಂಡು ಉಣ್ಣುವರು. "ಒಂದ ಅಡ್ಡಹೆಸರು ಅಂದ್ರ ಒಂದ ಮನಿ" ಎನ್ನುತ್ತಿದ್ದರು. ಆ ಮಾತನ್ನು ನಂಬಿ ನಾನು ಜಾರ್ಜಿಯಾದಲ್ಲಿ ಕೂತು ಒಂದು ಫೋನು ಮಾಡಿದೆ. ಮಾಡಿದ ರೀತಿ ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ.

ಅಟ್ಲಾಂಟಾ ಬಳಿಯ ಕಮ್ಮಿಂಗ್ ಊರಿನ ನಮ್ಮ ಬಡಾವಣೆಯಲ್ಲಿ ಎಲ್ಲ ಮನೆಗಳೂ ಹೊಸವು, ಒಂದೇ ಬಣ್ಣದವು. ನಮ್ಮ ಹಿತ್ತಲ ಬೇಲಿಯಾಚೆ ಮಾತ್ರ ಒಂದು ಹಳೆಯ ಮರದ ಮನೆ ಇತ್ತು, ಅದರ ಮುಂದೆ ಅಕ್ರೋಟಿನಂಥ ಕಾಯಿ ಬಿಡುವ ದೊಡ್ಡ ಪೆಕಾನ್ ಮರ, ಮರದಡಿ ಎಂಬತ್ತು ದಾಟಿದ ಒಬ್ಬ ಅಜ್ಜ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಕೊರೊನಾ ಬಂದ ವರ್ಷ ನಾನು ವಾರಕ್ಕೊಮ್ಮೆ ಹಾಲು, ಬ್ರೆಡ್ಡು, ಔಷಧಿ ತಂದು ಅವರ ಜಗಲಿಯ ಮೇಲಿಟ್ಟು ಆರಡಿ ಹಿಂದೆ ಸರಿದು ನಿಲ್ಲುತ್ತಿದ್ದೆ. ಒಂದು ದಿನ ಅವರು ನನ್ನ ಲಾಸ್ಟ್ ನೇಮಿನ ಅರ್ಥ ಕೇಳಿದರು. ಮಾವನವರ ಕತೆ, ಕಾಯಿಪಲ್ಯೆಯ ಕತೆ ಎರಡನ್ನೂ ಹೇಳಿದೆ. ಕೆಮ್ಮು ಬರುವಷ್ಟು ನಕ್ಕರು. ಲಸಿಕೆ ಸಿಕ್ಕ ಮೇಲೆ ಒಳಗೆ ಕರೆದು ತಮ್ಮ ಹೆಸರಿನ ನಕಾಶೆ ತೋರಿಸಿದರು.

ಅವರ ಅಡ್ಡಹೆಸರನ್ನೂ ನಾನು ಬರೆಯುವುದಿಲ್ಲ. ಬರೆದರೆ ಯಾರೆಂದು ಗೊತ್ತಾಗಿಬಿಡುವಷ್ಟು ಅಪರೂಪದ ಹೆಸರು ಅದು. ಇಂಗ್ಲೆಂಡಿನ ಪೂರ್ವದ ಕಡಲಂಚಿನಲ್ಲಿ, ಜೌಗು ನೆಲದ ನಡುವೆ, ಆ ಹೆಸರಿನ ಒಂದು ಹಳ್ಳಿ ಇತ್ತಂತೆ. ಹಳ್ಳಿ ಅಳಿದು ಇಗರ್ಜಿಯ ಒಂದು ಗೋಡೆ ಉಳಿದಿದೆ, ಅಲ್ಲಿಂದ ಬಿಟ್ಟುಹೋದವರ ಬೆನ್ನಿಗೆ ಹೆಸರು ಉಳಿದಿದೆ. ಅವರಲ್ಲಿ ಇಬ್ಬರು ಅಣ್ಣತಮ್ಮಂದಿರು ಹಡಗು ಹತ್ತಿ ಕೆರೊಲೈನಾದ ದಡಕ್ಕೆ ಬಂದರು. ಒಬ್ಬನ ವಂಶ ಉತ್ತರ ಕೆರೊಲೈನಾದಲ್ಲಿ ಮೂರು ತಲೆಗೆ ನಿಂತುಹೋಯಿತು. ಇನ್ನೊಬ್ಬ ದಕ್ಷಿಣದಲ್ಲಿ ಭತ್ತದ ಗದ್ದೆ ಮಾಡಿದ, ಅವನ ಮೊಮ್ಮಕ್ಕಳು ನದಿ ಹಿಡಿದು ಒಳನಾಡಿಗೆ ಹೋದರು, ಅಲ್ಲಿಂದ ಜಾರ್ಜಿಯಾಕ್ಕೆ. ನಕಾಶೆಯ ಮೇಲೆ ಸತ್ತವರಿಗೆ ಬಿಳಿ ಪಿನ್ನು, ಬದುಕಿದವರಿಗೆ ಕೆಂಪು. ನಾನು ಮೊದಲು ನೋಡಿದಾಗ ಕೆಂಪು ಎರಡೇ ಇದ್ದವು, ಒಂದು ಅಜ್ಜ, ಇನ್ನೊಂದು ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿದ್ದ ಅವರ ಚಿಕ್ಕಪ್ಪನ ಮಗ. ಅವರೂ ಕೆಲವು ತಿಂಗಳಲ್ಲಿ ಹೋದರು. ಅಜ್ಜನ ಕೈ ನಡುಗುತ್ತಿತ್ತು, ಹಾಗಾಗಿ ಸ್ಟರ್ಲಿಂಗ್‌ನ ಕೆಂಪು ಪಿನ್ನು ಕಿತ್ತು ಬಿಳಿಯದನ್ನು ಚುಚ್ಚಿದವಳು ನಾನೇ.

ಅವರ ಊಟದ ಮೇಜಿನ ಮೇಲೆ ಒಂದು ದಪ್ಪ ಹಳೆಯ ಬೈಬಲ್ ಇರುತ್ತಿತ್ತು. ಅದರ ಮೊದಲ ಹಾಳೆಗಳಲ್ಲಿ ಮನೆತನದ ಹುಟ್ಟುಸಾವುಗಳನ್ನು ತಲೆತಲಾಂತರದಿಂದ ಬರೆದಿಟ್ಟಿದ್ದರು. ಅದನ್ನು ಆ ಹೆಸರಿನವರ ಕೈಗೇ ಕೊಟ್ಟು ಸಾಯಬೇಕು ಎಂಬುದು ಅಜ್ಜನ ಒಂದೇ ಆಸೆ. ತಮ್ಮನ ಮಗಳೊಬ್ಬಳಿದ್ದಳು, ಮದುವೆಯಾಗಿ ಹೆಸರು ಬದಲಾಗಿತ್ತು, ಆಕೆಗೆ ಇದರಲ್ಲಿ ಆಸಕ್ತಿಯೂ ಇರಲಿಲ್ಲ. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು, ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆಯುವವಳು. ಹುಡುಕುವ ಕೆಲಸ ನನಗೆ ಬಿಡಿ ಎಂದು ಜಂಭದಿಂದ ಹೇಳಿ ಬಂದೆ.

ಒಂದು ವಾರ ಕಂಪ್ಯೂಟರಿನ ಮುಂದೆ ಕೂತೆ. ದಕ್ಷಿಣ ಕೆರೊಲೈನಾದ ಒಂದು ಸಣ್ಣ ಊರಿನಲ್ಲಿ ಆ ಹೆಸರಿನ ಮನೆಗಳು ಒಂದರ ಪಕ್ಕ ಒಂದು ಸಿಕ್ಕವು. ಅಜ್ಜನ ನಕಾಶೆಯಲ್ಲಿ ಆ ಊರಿನ ಮೇಲೆ ಬಿಳಿಯದೂ ಇಲ್ಲ, ಕೆಂಪೂ ಇಲ್ಲ. ಪಾಪ, ವಯಸ್ಸಾದವರು, ಇಂಟರ್ನೆಟ್ ಗೊತ್ತಿಲ್ಲ, ಕಣ್ತಪ್ಪಿದೆ ಎಂದುಕೊಂಡೆ. ಮೊದಲು ಖಾತ್ರಿ ಮಾಡಿಕೊಂಡು ಆಮೇಲೆ ಹೇಳೋಣ ಎಂದು ಒಂದು ನಂಬರಿಗೆ ಫೋನು ಹಚ್ಚಿದೆ.

ಎತ್ತಿದವರು ನಿವೃತ್ತ ಶಾಲಾ ಶಿಕ್ಷಕಿ. ಮಕ್ಕಳು, ಮೊಮ್ಮಕ್ಕಳು ತುಂಬಿದ ಮನೆ ಎಂದು ಹಿಂದಿನ ಗದ್ದಲವೇ ಹೇಳುತ್ತಿತ್ತು. ಅಪ್ಪ ರೈಲಿನಲ್ಲಿ ಮಾಡುತ್ತಿದ್ದುದನ್ನೇ ನಾನು ಮಾಡಿದೆ. ನಿಮ್ಮ ಅಡ್ಡಹೆಸರಿನ ಹಿರಿಯರೊಬ್ಬರು ನಮ್ಮ ಪಕ್ಕದಲ್ಲೇ ಇದ್ದಾರೆ, ನಿಮ್ಮ ಮನೆಯವರೇ, ನಿಮ್ಮನ್ನೇ ಹುಡುಕುತ್ತಿದ್ದಾರೆ, ಕಂಗ್ರಾಜುಲೇಷನ್ಸ್ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಶಾಂತವಾಗಿ, ಆ ಹಿರಿಯರು ಬಿಳಿಯರೇ ಎಂದು ಕೇಳಿದರು. ಹೌದು ಎಂದೆ.

"ನಾವು ಕಪ್ಪು ಜನ, ಅಮ್ಮಾ," ಎಂದರು. "ಆ ಹೆಸರು ನಮಗೆ ಹೇಗೆ ಬಂತು ಅಂತ ಅವರನ್ನೇ ಕೇಳಿ."

ಇಪ್ಪತ್ತು ವರ್ಷದಿಂದ ಈ ದೇಶದಲ್ಲಿದ್ದೇನೆ. ಪೌರತ್ವದ ಪರೀಕ್ಷೆಗೆಂದು ಗುಲಾಮಗಿರಿಯ ಪ್ರಶ್ನೆಗಳನ್ನು ಬಾಯಿಪಾಠ ಮಾಡಿ ಪಾಸಾದವಳು. ಒಡೆಯನ ಹೆಸರು ಆಳುಗಳಿಗೂ ಅಂಟುತ್ತಿತ್ತು ಎಂಬುದು ಆ ಕ್ಷಣದವರೆಗೆ ನನ್ನ ತಲೆಗೆ ಹೊಳೆದಿರಲೇ ಇಲ್ಲ. ಅಡುಗೆಮನೆಯಲ್ಲಿದ್ದ ಮಗಳು ಎಲ್ಲ ಕೇಳಿಸಿಕೊಂಡಿದ್ದಳು. ಹತ್ತಿರ ಬಂದು, "ಅಮ್ಮಾ, ನೀನು ರಿಯಲಿ ಕಂಗ್ರಾಜುಲೇಷನ್ಸ್ ಅಂತ ಹೇಳಿದ್ಯಾ?" ಎಂದು ಪಿಸುಗುಟ್ಟಿದಳು. ನೆಲ ಬಾಯಿಬಿಟ್ಟರೆ ಸಾಕಿತ್ತು ಎನಿಸಿತು.

ಟೀಚರು ಫೋನು ಇಡಲಿಲ್ಲ. ಅದು ಅವರ ದೊಡ್ಡತನ. ಅಜ್ಜನ ಹಳೆಯ ಬೈಬಲ್ ವಿಷಯ ನಾನು ಹೇಳಿದಾಗ ಅವರ ಧ್ವನಿ ಬದಲಾಯಿತು. ಅವರ ಅಜ್ಜಿಯ ಅಜ್ಜಿ ಆ ಮನೆತನದ ಗದ್ದೆಯಲ್ಲೇ ಹುಟ್ಟಿದವಳಂತೆ. ಅವಳ ಹೆಸರು ಗೊತ್ತು, ಅವಳನ್ನು ಹೆತ್ತವಳು ಯಾರೆಂದು ಯಾರಿಗೂ ಗೊತ್ತಿಲ್ಲ. ಸರ್ಕಾರದ ಹಳೆಯ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ಗಂಡು, ಹೆಣ್ಣು, ವಯಸ್ಸು ಎಂದಷ್ಟೇ ಇರುತ್ತದೆ. ಕೆಲವು ಮನೆಗಳವರು ಮಾತ್ರ ಬೈಬಲ್‌ನ ಹಿಂದಿನ ಹಾಳೆಯಲ್ಲಿ ಆಳುಗಳ ಮಕ್ಕಳ ಹೆಸರು ಬರೆದಿಟ್ಟುಕೊಳ್ಳುತ್ತಿದ್ದರಂತೆ. "ಆ ತಾಯಿಯ ಹೆಸರೊಂದು ಸಿಕ್ಕರೆ ಸಾಕು. ನನಗೆ ಅವರ ಪುಸ್ತಕ ಬೇಡ," ಎಂದರು. ನೋಡಿ ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೋದಾಗ ಅಜ್ಜ ಊಟದ ಮೇಜಿನ ಬಳಿ ಕೂತು ಪೆಕಾನ್ ಕಾಯಿ ಒಡೆಯುತ್ತಿದ್ದರು. ಊರಿನ ಹೆಸರು ಹೇಳುತ್ತಲೇ ಅವರ ಕೈ ನಿಂತಿತು. ಗೊತ್ತು ಎಂದರು. ಅವರದು ಹೆಸರು ಮಾತ್ರ, ಮನೆತನ ಅಲ್ಲ ಎಂದರು. ಕೈಯಲ್ಲಿದ್ದ ಕಾಯನ್ನು ಕೆಳಗಿಟ್ಟು, "ಕೆಲವರಲ್ಲಿ ನಮ್ಮ ರಕ್ತವೂ ಇದ್ದೀತು," ಎಂದರು.

ನನಗೆ ಸಿಟ್ಟು ಬಂತು. ಕಣ್ತಪ್ಪಿದೆ ಎಂದು ನಾನು ಮರುಗಿದ ಊರನ್ನು ಇವರು ಬೇಕೆಂದೇ ಬಿಟ್ಟಿದ್ದರು. ಹೆಸರು ಅಳಿಯುತ್ತದೆ ಎಂದು ನನ್ನ ಮುಂದೆ ಕಣ್ಣೀರು ತುಂಬಿಕೊಂಡವರು, ಒಂದು ಊರಿನ ತುಂಬ ಬದುಕಿದ್ದ ಅದೇ ಹೆಸರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನಾನು ಏನು ಹೇಳಿದೆನೋ ಎಲ್ಲ ನೆನಪಿಲ್ಲ, ಧ್ವನಿ ಏರಿತ್ತು ಎಂಬುದು ನಿಜ. ಅಜ್ಜ ವಾದ ಮಾಡಲಿಲ್ಲ. ತಾವೇ ಬೈಬಲ್ ಎಳೆದು ಕೊನೆಯ ಹಾಳೆ ತೆರೆದು ನನ್ನ ಕಡೆ ತಿರುಗಿಸಿದರು.

ಹಾಳೆ ಕಂದಾಗಿತ್ತು, ಶಾಯಿಯೂ ಕಂದು. ಅಡ್ಡಹೆಸರಿಲ್ಲದ ಬರೀ ಹೆಸರುಗಳು, ಪಕ್ಕದಲ್ಲಿ ಇಂಥವಳ ಮಗು ಎಂದು, ಆಮೇಲೆ ತಿಂಗಳು. ಮೂಲೆಯಲ್ಲಿ ಹುಳ ತಿಂದ ಒಂದು ತೂತು. ಮೇಲಿನಿಂದ ಐದನೆಯ ಸಾಲಿನಲ್ಲಿ ಟೀಚರು ಹೇಳಿದ ಹೆಸರು ಇತ್ತು. ಅದರ ಪಕ್ಕ ತಾಯಿಯ ಹೆಸರೂ ಇತ್ತು. ಓದಿದೆ. ಫೋಟೋ ತೆಗೆಯಲು ಫೋನು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಅಜ್ಜನ ಅಂಗೈ ಹಾಳೆಯ ಮೇಲೆ ಬಂತು.

"ನಾನು ಹೋದ ಮೇಲೆ," ಎಂದರು. "ನಾನಿರುವಾಗ ಬೇಡ. ಬೇಡಿಕೊಳ್ತೇನೆ."

ಆ ಕೈಯನ್ನು ಎತ್ತಿ ಪಕ್ಕಕ್ಕಿಡಲು ಶಕ್ತಿ ಬೇಕಿರಲಿಲ್ಲ. ಹಿರಿಯರ ಮಾತು ಮೀರಬಾರದು ಎಂದು ಬೆಳೆದವಳು ನಾನು ಎಂದು ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಆ ಮುದುಕರು ನಾಚಿಕೆಯಿಂದ ಅಳುವುದನ್ನು ನೋಡಲು ನನಗೆ ಧೈರ್ಯ ಸಾಲಲಿಲ್ಲ. ಪುಸ್ತಕ ಎಲ್ಲಿಗೆ ಹೋಗುತ್ತದೆ, ಇಲ್ಲೇ ಇರುತ್ತದೆ ಎಂದುಕೊಂಡು ಮುಚ್ಚಿದೆ. ಬೇಲಿ ದಾಟಿ ಮನೆಗೆ ಬಂದಾಗ ಆಫೀಸಿನ ಮೀಟಿಂಗ್ ಶುರುವಾಗಿತ್ತು, ಅದು ಮುಗಿದಾಗ ಮಗಳನ್ನು ಕರೆತರುವ ಹೊತ್ತಾಗಿತ್ತು. ಆ ಹೆಸರು ಬರೆದಿಡಲು ಒಂದು ಚೀಟಿ ಸಾಕಿತ್ತು. ಬರೆದಿಡಲಿಲ್ಲ.

ಆ ಭಾನುವಾರ ಟೀಚರಿಗೆ ಫೋನು ಮಾಡಿ, ಸಾಲು ಇದೆ, ನಿಮ್ಮವಳ ಹೆಸರು ಇದೆ ಎಂದೆ. ಅವರು ಅತ್ತರು. ತಾಯಿಯ ಹೆಸರು ಏನಿದೆ ಎಂದು ಕೇಳಿದರು. ಹೇಳಲು ಬಾಯಿ ತೆರೆದೆ, ಏನೂ ಬರಲಿಲ್ಲ. ಮಗಳ ಹೆಸರನ್ನು ಟೀಚರೇ ಹೇಳಿಕೊಟ್ಟಿದ್ದರು, ಅದು ನೆನಪಿತ್ತು. ಯಾರೂ ಹೇಳಿಕೊಟ್ಟಿರದ ಹೆಸರನ್ನು ಒಮ್ಮೆ ಓದಿ ಮರೆತಿದ್ದೆ. ತಪ್ಪು ಹೇಳುವುದು ಬೇಡ, ಇನ್ನೊಮ್ಮೆ ನೋಡಿ ಹೇಳುತ್ತೇನೆ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ.

ಮತ್ತೆ ನೋಡಲು ಸಿಗಲಿಲ್ಲ. ಆಮೇಲೆ ಎರಡು ಸಲ ಹೋದಾಗಲೂ ಮೇಜಿನ ಮೇಲೆ ಬೈಬಲ್ ಇರಲಿಲ್ಲ, ನಾನು ಕೇಳಿದೆ, ಅಜ್ಜ ಹವಾಮಾನದ ಮಾತೆತ್ತಿದರು. ಮೂರನೆಯ ವಾರ ಆಂಬ್ಯುಲೆನ್ಸ್ ಬಂತು. ಅಟ್ಲಾಂಟಾದ ಆಸ್ಪತ್ರೆಯಿಂದ ಅವರು ವಾಪಸು ಬರಲಿಲ್ಲ. ಅಂತ್ಯಕ್ರಿಯೆಗೆ ನಾನೂ ಹೋಗಿದ್ದೆ, ಆ ಹೆಸರಿನವರು ಅಲ್ಲಿ ಒಬ್ಬರೂ ಇರಲಿಲ್ಲ. ಸಿಟ್ಟು ಇನ್ನೂ ಇತ್ತು, ಆದರೂ ಅತ್ತುಬಿಟ್ಟೆ.

ತಮ್ಮನ ಮಗಳು ಬಂದು ಎರಡೇ ದಿನದಲ್ಲಿ ಮನೆ ಖಾಲಿ ಮಾಡಿಸಿದಳು. ನಾನು ಆಫೀಸಿಗೆ ರಜೆ ಹಾಕಿ ಹೋಗಿ ನಿಂತೆ. ಒಳ್ಳೆಯ ಹೆಂಗಸು, ಬೈಬಲ್ ಕೇಳಿದರೆ ಪ್ರಾಮಾಣಿಕವಾಗಿ ತಲೆ ಅಲ್ಲಾಡಿಸಿದಳು. ಅಂಥದ್ದು ಕಣ್ಣಿಗೆ ಬೀಳಲಿಲ್ಲ, ಪುಸ್ತಕಗಳನ್ನೆಲ್ಲ ಡಬ್ಬ ತುಂಬಿ ದಾನಕ್ಕೆ ಕಳಿಸಿದ್ದಾಯಿತು, ಯಾವ ಅಂಗಡಿಗೆ ಹೋಯಿತೋ ಲಾರಿಯವರಿಗೇ ಗೊತ್ತು ಎಂದಳು. ಕಮ್ಮಿಂಗ್‌ನಿಂದ ಲಾರೆನ್ಸ್‌ವಿಲ್‌ವರೆಗೆ ಹಳೆ ಸಾಮಾನಿನ ಅಂಗಡಿ ಒಂದನ್ನೂ ನಾನು ಬಿಡಲಿಲ್ಲ. ಬೈಬಲ್‌ಗಳು ರಾಶಿ ರಾಶಿ ಇದ್ದವು. ಒಂದೊಂದನ್ನೂ ಎತ್ತಿ ಕೊನೆಯ ಹಾಳೆ ತಿರುವಿದೆ. ದಾನಕ್ಕೆ ಹೋಯಿತೋ, ಅಜ್ಜನೇ ಏನಾದರೂ ಮಾಡಿದರೋ, ಇನ್ನು ತಿಳಿಯುವಂತಿಲ್ಲ. ನಕಾಶೆಯನ್ನು ಕಸದ ಗಾಡಿಗೆ ಹಾಕಿದ್ದರು. ಅದನ್ನು ಎತ್ತಿಕೊಂಡು ಬಂದೆ, ನಮ್ಮ ಗ್ಯಾರೇಜಿನಲ್ಲಿದೆ. ಕೆಂಪು ಪಿನ್ನುಗಳ ಡಬ್ಬಿಯೂ ಇದೆ. ಆ ಊರಿನ ಮೇಲೆ ಒಂದನ್ನು ಚುಚ್ಚಲು ಹೋಗಿ, ಇದು ಯಾರ ನಕಾಶೆ, ಚುಚ್ಚಲು ನಾನು ಯಾರು ಎಂದು ಕೈ ಹಿಂದೆ ತೆಗೆದಿದ್ದೇನೆ.

ಟೀಚರಿಗೆ ಎಲ್ಲವನ್ನೂ ಹೇಳಿದೆ, ಚೀಟಿ ಬರೆದಿಡದಿದ್ದುದನ್ನೂ ಸೇರಿಸಿ. ಅವರು ಬೈದಿದ್ದರೆ ಹಗುರಾಗುತ್ತಿತ್ತು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ನಮ್ಮಲ್ಲಿ ಗಾದೆ ಇದೆ. ಗಾದೆ ಕಟ್ಟಿದವರಿಗೆ ಭಾನುವಾರ ಮಧ್ಯಾಹ್ನ ಫೋನು ಬರುತ್ತಿರಲಿಲ್ಲ. ಟೀಚರು ಮೇಷ್ಟರಿಕೆ ಮರೆತವರಲ್ಲ. ಆ ಕಾಲದ ಹೆಂಗಸರ ಹೆಸರುಗಳ ಪಟ್ಟಿ ಮಾಡಿಟ್ಟುಕೊಂಡಿದ್ದಾರೆ, ಪ್ರತಿ ಭಾನುವಾರ ಫೋನು ಮಾಡಿ ಐದೈದನ್ನು ನಿಧಾನವಾಗಿ ಓದುತ್ತಾರೆ. ಕಿವಿಗೆ ಬಿದ್ದರೆ ನೆನಪಾದೀತು ಎಂದು ಅವರ ನಂಬಿಕೆ. ನಾನು ಕಣ್ಣು ಮುಚ್ಚಿ ಕೂರುತ್ತೇನೆ. ಹುಳ ತಿಂದ ತೂತು ಕಾಣುತ್ತದೆ, ಶಾಯಿಯ ಬಣ್ಣ ಕಾಣುತ್ತದೆ, ಅಜ್ಜನ ಉಗುರಿನ ಕೆಳಗಿನ ಪೆಕಾನ್ ಸಿಪ್ಪೆಯ ಕಪ್ಪೂ ಕಾಣುತ್ತದೆ. ಹೆಸರಿನ ಜಾಗದಲ್ಲಿ ಏನೂ ಇಲ್ಲ.

ಕಳೆದ ಭಾನುವಾರ ಮೂರನೆಯ ಹೆಸರು ಓದಿ ಅವರು ನಿಂತರು. ಅದು ಅವರ ಮೊಮ್ಮಗಳ ಹೆಸರಂತೆ. ಮನೆಯಲ್ಲಿ ತಲೆಮಾರಿಗೊಬ್ಬಳಿಗೆ ಆ ಹೆಸರು ಇಡುತ್ತಾರಂತೆ, ಯಾರಿಂದ ಶುರುವಾಯಿತೋ ಯಾರಿಗೂ ಗೊತ್ತಿಲ್ಲವಂತೆ.

"ಇದೇ ಇರಬಹುದಾ?" ಎಂದು ಕೇಳಿದರು.

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆ ಹಾಳೆಯನ್ನು ನೋಡಿ ಬದುಕಿರುವವಳು ನಾನೊಬ್ಬಳೇ, ನನ್ನನ್ನು ತಪ್ಪು ಎನ್ನುವವರು ಯಾರೂ ಇಲ್ಲ. ಆ ಕಡೆ ಮಕ್ಕಳ ಗದ್ದಲ ಕೇಳಿಸುತ್ತಿತ್ತು. ಅದರೊಳಗೆ ಆ ಹೆಸರಿನ ಹುಡುಗಿಯೂ ಇದ್ದಳೇನೋ.

"ಗೊತ್ತಿಲ್ಲ, ಟೀಚರ್," ಎಂದೆ.

ಅವರು ನಾಲ್ಕನೆಯ ಹೆಸರು ಓದಿದರು.